ಮಾತು ಬಿಟ್ಟ ಮನೆ

ಸಂಗೀತ ಸಭಾಂಗಣದ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕುರ್ಚಿ ಸವೆಸಿದವಳು ನಾನು. ಸಂಗೀತ ಕಚೇರಿ ಕೊಡಲು ಬರುವವರಿಗೆಲ್ಲ ಒಂದು ಫಾರಂ ಕೊಡುತ್ತೇನೆ. ಅವರು ತುಂಬಿದ್ದನ್ನು ತಿದ್ದಿ, ಬಾಗಿಲಲ್ಲಿ ಹಂಚುವ ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸುತ್ತೇನೆ. ಅದರಲ್ಲಿ ಆರನೆಯ ಕಾಲಂ 'ಸಂಗೀತ ಹಿನ್ನೆಲೆ'. ಅಬ್ಬಬ್ಬಾ, ಅದನ್ನು ಕಂಡರೆ ಜನಕ್ಕೆ ಎಲ್ಲಿಲ್ಲದ ಹುಮ್ಮಸ್ಸು! ತೊಟ್ಟಿಲಲ್ಲಿ ಕೈಕಾಲು ಆಡಿಸಿದ್ದನ್ನೂ ತಾಳ ಹಾಕಿದ್ದು ಎಂದು ಬರೆಯುತ್ತಾರೆ. ಜಾಗ ಸಾಲದೆ ಹಿಂಬದಿಗೂ ಹರಿಯುತ್ತಾರೆ. ಅಷ್ಟನ್ನೂ ಕತ್ತರಿಸಿ ಎಂಟು ಸಾಲಿಗೆ ಇಳಿಸುವ ಹೊತ್ತಿಗೆ ನನಗೆ ತಲೆ ಚಿಟ್ಟು ಹಿಡಿದಿರುತ್ತದೆ.

ಆ ಕಾಲಂ ಖಾಲಿ ಬಿಟ್ಟು ಕೊಟ್ಟವಳನ್ನು ನೋಡಿದ್ದು ಒಬ್ಬಳನ್ನೇ.

ಭಾನುವಾರ ಸಂಜೆ ನಾಲ್ಕಕ್ಕೆ ಪಿಟೀಲು-ಪಿಯಾನೊ ಜೋಡಿಯ ಕಚೇರಿ ಗೊತ್ತಾಗಿತ್ತು. ಇಬ್ಬರೂ ಇಪ್ಪತ್ತೊಂದು, ಇಪ್ಪತ್ತೆರಡರ ಮಕ್ಕಳು, ಸಂಗೀತ ಕಾಲೇಜಿನಲ್ಲಿ ಜೊತೆಯಾದವರು. ಆ ವಾರದ ಸೋಮವಾರ ಫಾರಂ ತಂದರು. ಪಿಟೀಲು ಹುಡುಗನದು ಒಂದೂವರೆ ಪುಟ: ಗುರುಗಳು, ಬಹುಮಾನಗಳು, ಶಿಬಿರಗಳು. ಕೊನೆಯಲ್ಲಿ ಇರುವೆ ಅಕ್ಷರದಲ್ಲಿ ಒಂದು ಸಾಲು: 'ಹತ್ತು ವರ್ಷ ಜೊತೆಗೆ ನುಡಿಸಿದ್ದು: ಅಮ್ಮನ ಕ್ಯಾಸೆಟ್‌ಗಳು.' ಇದೇನಪ್ಪ ಹೊಸದು ಎಂದುಕೊಂಡು ಹುಡುಗಿಯ ಫಾರಂ ತಿರುಗಿಸಿದೆ. ಆರನೆಯ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ, ಅಷ್ಟೇ.

"ಏನಮ್ಮ, ಇದು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಆಂಟಿ. ಬಿಟ್ಟಿದ್ದೀನಿ."

ನನ್ನನ್ನು ಆಂಟಿ ಎಂದರೆ ಮೈಯೆಲ್ಲ ಉರಿಯುತ್ತದೆ. ಅದರ ಮೇಲೆ ಈ ಗತ್ತು ಬೇರೆ. "ಅವನಿಗೆ ಎಂಟು ಸಾಲು, ನಿನಗೆ ಸೊನ್ನೆ ಅಂದ್ರೆ ಪುಟ ಬೋಳು ಬೋಳಾಗಿ ಕಾಣುತ್ತೆ, ಮಾರಾಯ್ತಿ. ಯಾರ ಹತ್ತಿರ ಕಲಿತೆ, ಮನೇಲಿ ಯಾರು ಹಾಡ್ತಿದ್ರು, ಏನಾದ್ರೂ ಗೀಚು."

'ಮನೇಲಿ ಯಾರು ಹಾಡ್ತಿದ್ರು' ಎಂದದ್ದೇ ತಡ, ಹುಡುಗಿಯ ಮುಖ ಬಿಗಿಯಿತು. "ನನಗೆ ಹಿನ್ನೆಲೆ ಇಲ್ಲ" ಎಂದವಳೇ ಹೊರಟುಬಿಟ್ಟಳು. ಹುಡುಗ ಹಲ್ಲು ಕಿರಿದು, ಕ್ಷಮೆ ಕೇಳುವವನ ಹಾಗೆ ಕೈ ಆಡಿಸಿ ಅವಳ ಹಿಂದೆ ಓಡಿದ.

ನಾನು ಸುಮ್ಮನಿರುವವರ ಪೈಕಿಯಲ್ಲ. ಫಾರಂ ಮೇಲಿನಿಂದ ಕೆಳಗಿನವರೆಗೆ ಓದಿದೆ. ಖಾಯಂ ವಿಳಾಸದ ಕಾಲಮ್ಮಿಗೆ ಬಂದಾಗ ಕಣ್ಣು ನಿಂತಿತು. ಆ ವಿಳಾಸ ನನಗೆ ಬಾಯಿಪಾಠ. ತಿಂಗಳಿಗೊಂದು ಸಲ ಅದೇ ವಿಳಾಸಕ್ಕೆ, ಇಂಥ ದಿನ ಇಂಥ ಹೊತ್ತಿಗೆ ಬನ್ನಿ ಎಂದು ನಾನೇ ಕಾಗದ ಹಾಕುವುದು. ಅದು ಟಿಂಗಣ್ಣನ ಮನೆ.

ಟಿಂಗಣ್ಣ ನಮ್ಮ ಪಿಯಾನೊ ಶ್ರುತಿ ಮಾಡುವವನು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ಟಿಂಗ್ ಟಿಂಗ್ ಎನ್ನಿಸುತ್ತಾನಲ್ಲ, ಅದಕ್ಕೆ ಆ ಹೆಸರು. ಅರವತ್ತೆರಡರ ಆಸುಪಾಸು, ಮೊಣಕೈ ಸವೆದ ಕೋಟು, ಚರ್ಮದ ಚೀಲ. ಪಿಯಾನೊದ ಕಪ್ಪು ಬಿಳಿ ಪಟ್ಟಿಗಳಿಗೆ ಅವನು ಹಾರ್ಮೋನಿಯಂನವರ ಹಾಗೆ 'ಮನೆ' ಎನ್ನುತ್ತಾನೆ. ಒತ್ತಿದರೆ ದನಿ ಬಾರದಿದ್ದರೆ, 'ಈ ಮನೆ ಮಾತಾಡ್ತಿಲ್ಲ' ಎನ್ನುತ್ತಾನೆ. ಹಾಗೆಂದು ಬಗ್ಗಿ, ಒಳಗೆ ಕೈ ಹಾಕಿ, ಗುಟ್ಟು ಕೇಳುವವನ ಹಾಗೆ ಕಿವಿ ಕೊಟ್ಟು ಸರಿ ಮಾಡುತ್ತಾನೆ. ಕಚೇರಿಯ ದಿನ ಮೂರು ಗಂಟೆಗೆ ಸರಿಯಾಗಿ ಗೇಟಿನ ಪುಸ್ತಕದಲ್ಲಿ ಸಹಿ ಹಾಕಿ ಹೊರಡುತ್ತಾನೆ.

ಹೊರಡುತ್ತಾನೆ ಎನ್ನುವುದು ಪುಸ್ತಕದ ಮಾತು. ಎರಡು ವರ್ಷದ ಹಿಂದೆ ಒಂದು ದಿನ, ಕಾಲೇಜಿನ ಮಕ್ಕಳ ಕಾರ್ಯಕ್ರಮ ನಡೆಯುತ್ತಿದ್ದಾಗ, ಹಳೆಯ ಪುಸ್ತಕದ ಕಟ್ಟು ಇಡಲೆಂದು ವೇದಿಕೆಯ ಹಿಂದಿನ ಓಣಿಗೆ ಹೋಗಿದ್ದೆ. ಪಿಯಾನೊ ಬಂದಿದ್ದ ಮರದ ಪೆಟ್ಟಿಗೆ ಅಲ್ಲೇ ಬಿದ್ದಿದೆ. ಅದರ ಮೇಲೆ ಈತ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಿನ ಬಾಗಿಲಿಗೆ ಕೆನ್ನೆ ಒತ್ತಿಕೊಂಡಿದ್ದ. ನನ್ನನ್ನು ಕಂಡು ಕಳ್ಳನಂತೆ ಎದ್ದು ನಿಂತ. 'ಬಸ್ಸು ತಡ ಅಮ್ಮಾ' ಎಂದ. ನಾನೂ 'ಹೌದೌದು' ಎಂದು ಬಂದುಬಿಟ್ಟೆ. ಆಮೇಲೆ ವರ್ಷಕ್ಕೆ ಒಂದೋ ಎರಡೋ ಸಲ ಹಾಗೆ ಕಂಡಿದ್ದಾನೆ. ಆ ಫಾರಂ ಹಿಡಿದು ಕೂತಾಗ ಹಳೆಯ ಕಾರ್ಯಕ್ರಮದ ಪುಸ್ತಕಗಳನ್ನೆಲ್ಲ ತೆಗೆದು ತಾಳೆ ನೋಡಿದೆ. ಅವನ ಬಸ್ಸು ತಡವಾದ ದಿನಗಳಲ್ಲೆಲ್ಲ ಪಟ್ಟಿಯಲ್ಲಿ ಈ ಹುಡುಗಿಯ ಹೆಸರಿತ್ತು.

ಅಪ್ಪ ಪಿಯಾನೊ ಶ್ರುತಿ ಮಾಡುವವನು. ಮಗಳು ಅದೇ ಪಿಯಾನೊ ನುಡಿಸುವವಳು. ಅವನು ಬಾಗಿಲ ಹಿಂದೆ, ಇವಳ ಫಾರಂನಲ್ಲಿ ಅಡ್ಡಗೆರೆ. ಇದನ್ನು ತಿಳಿಯದೆ ನನಗೆ ಅನ್ನ ಇಳಿಯುವುದುಂಟೇ?

ಬುಧವಾರ ಅವರ ಅಭ್ಯಾಸ. ಕರಡು ತಿದ್ದುವ ನೆಪದಲ್ಲಿ ಕೊನೆಯ ಸಾಲಿನಲ್ಲಿ ಕೂತೆ. ನನಗೆ ಸಂಗೀತದ ಗಂಧ ಅಷ್ಟಕ್ಕಷ್ಟೇ, ಆದರೂ ಇಪ್ಪತ್ತೆರಡು ವರ್ಷ ಕೇಳಿದ ಕಿವಿ. ಮೊದಲಿಗೆ ಹುಡುಗ ಶ್ರುತಿ ಕೇಳಿದ. ಪಿಟೀಲಿನವರಿಗೆಂದು ಪಿಯಾನೊದ ನಡುಭಾಗದಲ್ಲಿ ಒಂದು ಮನೆಯಿದೆ. ಅದನ್ನು ಒತ್ತಿದರೆ ಅದಕ್ಕೆ ಸರಿಯಾಗಿ ಅವರು ತಂತಿ ಬಿಗಿಯುತ್ತಾರೆ. ಹುಡುಗಿಯ ಬೆರಳು ಆ ಮನೆಯ ಮೇಲೆ ಒಂದು ಕ್ಷಣ ತಡೆಯಿತು, ಆಮೇಲೆ ಒತ್ತಿತು. ನುಡಿಸಲು ಶುರು ಮಾಡಿದ ಮೇಲೂ ಹಾಗೆಯೇ. ಉಳಿದದ್ದೆಲ್ಲ ನೀರು ಹರಿದ ಹಾಗೆ, ಆ ಒಂದು ಮನೆ ಬಂದಾಗ ಮಾತ್ರ ಕೂದಲೆಳೆಯಷ್ಟು ತಡ.

"ಮತ್ತೆ ಅಲ್ಲೇ!" ಹುಡುಗ ಬಿಲ್ಲು ಇಳಿಸಿದ. "ಆ ಮನೆ ಬಂದಾಗಲೆಲ್ಲ ಯಾರನ್ನ ಕಾಯ್ತೀಯಾ ನೀನು?"

"ಯಾರನ್ನೂ ಇಲ್ಲ. ನೀನು ಯಾಕೆ ರೈಲು ಹಿಡಿಯೋನ ಥರ ಓಡ್ತೀಯಾ?"

"ನನಗೆ ಕಾಯಕ್ಕೆ ಬರಲ್ಲ, ಗೊತ್ತಲ್ಲ ನಿನಗೆ."

"ನನಗೆ ಓಡಕ್ಕೆ ಬರಲ್ಲ."

ಇಬ್ಬರೂ ಮುಖ ಊದಿಸಿಕೊಂಡು ಒಂದೊಂದು ಮೂಲೆಗೆ ಹೋದರು. ಹುಡುಗ ನನ್ನ ಪಕ್ಕಕ್ಕೆ ಬಂದು ಕೂತ. ನಾನು ಫ್ಲಾಸ್ಕಿನ ಟೀ ಸುರಿದುಕೊಟ್ಟು ಕ್ಯಾಸೆಟ್ಟಿನ ಸಂಗತಿ ಕೇಳಿದೆ. ಅವನಮ್ಮ ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ಪಿಯಾನೊ ನುಡಿಸುವವಳಂತೆ. ವರ್ಷಕ್ಕೆ ಹತ್ತು ತಿಂಗಳು ಹೊರಗೆ. ಇವನು ದೊಡ್ಡಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಬೆಳೆದ. ಹೊರಡುವ ಮುಂಚೆ ಅಮ್ಮ ಅವನ ಪಾಠಗಳಿಗೆ ಬೇಕಾದ ಪಿಯಾನೊ ಭಾಗವನ್ನೆಲ್ಲ ನುಡಿಸಿ ಕ್ಯಾಸೆಟ್ಟಿನಲ್ಲಿ ತುಂಬಿಡುತ್ತಿದ್ದಳು. ಇವನು ಗುಂಡಿ ಒತ್ತಿ ಅದರ ಜೊತೆ ನುಡಿಸಿಕೊಳ್ಳಬೇಕು.

"ಟೇಪು ಯಾರಿಗೂ ನಿಲ್ಲಲ್ಲ ಆಂಟಿ. ನಾನು ತಪ್ಪಿದ್ರೂ, ಅತ್ರೂ ಅಮ್ಮ ಮುಂದೆ ಹೋಗ್ತಾನೇ ಇರ್ತಿದ್ರು. ಅವರನ್ನ ಹಿಡಿಯೋದೇ ನನ್ನ ಕೆಲಸ." ಟೀ ಲೋಟವನ್ನು ತಿರುಗಿಸುತ್ತ ನಕ್ಕ. "ಒಂದು ಟೇಪಲ್ಲಿ ಮಾತ್ರ ಹಾಳೆ ತಿರುವಿ 'ಹ್ಞೂಂ' ಅಂತಾರೆ. ಅದೊಂದೇ ಅವರ ದನಿ. ಅದನ್ನ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಟೇಪೇ ಹರಿದೋಯ್ತು."

"ಭಾನುವಾರ ಬರ್ತಾರಾ?"

"ಎಲ್ಲಿ ಬರ್ತಾರೆ. ಇದುವರೆಗೂ ಒಂದಕ್ಕೂ ಬಂದಿಲ್ಲ."

ಅವನ ಲೋಟ ಹತ್ತಿರಕ್ಕೆ ಎಳೆದೆ. ಇನ್ನೊಂದಿಷ್ಟು ಟೀ ಸುರಿದೆ.

ಗುರುವಾರ ಊಟದ ವಿರಾಮದಲ್ಲಿ ಟಿಂಗಣ್ಣನ ಮನೆ ಹುಡುಕಿಕೊಂಡು ಹೋದೆ. ಮೂರನೆಯ ಮಹಡಿ. ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದಕ್ಕೆ ಇಳಿಯಬೇಕಾದಂಥ ಮೆಟ್ಟಿಲು. ಮಂಡಿ ಹಿಡಿದುಕೊಂಡು, ನನ್ನ ಕುತೂಹಲಕ್ಕೆ ನಾನೇ ಬೈದುಕೊಂಡು ಹತ್ತಿದೆ. ಒಂದೇ ಕೋಣೆ. ಅರ್ಧ ಜಾಗವನ್ನು ಗೋಡೆಗೆ ಒರಗಿದ ಹಳೆಯ ಪಿಯಾನೊ ನುಂಗಿದೆ. ಉಳಿದದ್ದರಲ್ಲಿ ಮಂಚ, ಒಲೆ, ಶ್ರುತಿ ಸಾಮಾನಿನ ಬೀರು. ಪಿಯಾನೊದ ಮೇಲೆ ಮಡಿಚಿಟ್ಟ ಬಟ್ಟೆ, ಸೋಪು, ಔಷಧದ ಬಾಟಲಿ. ಯಾರೂ ನುಡಿಸದ ಪಿಯಾನೊ ಮೇಜಾಗಿಬಿಡುತ್ತದೆ.

ಟಿಂಗಣ್ಣ ಗಾಬರಿಯಾದ. "ಏನಮ್ಮಾ, ನೀವು ಇಲ್ಲಿ? ಪಿಯಾನೊಗೆ ಏನಾದ್ರೂ…"

"ಪಿಯಾನೊಗೆ ಏನೂ ಆಗಿಲ್ಲ. ನಿಮ್ಮ ಮಗಳಿಗೆ ಹಿನ್ನೆಲೆ ಇಲ್ಲವಂತೆ, ಅದನ್ನ ಕೇಳಕ್ಕೆ ಬಂದೆ" ಎಂದು ಫಾರಂ ಮುಂದೆ ಹಿಡಿದೆ.

ಅವನು ಆ ಅಡ್ಡಗೆರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿಯ ಮೇಲಿನ ಅಂಗಿ ತೆಗೆದು ನನಗೆ ಜಾಗ ಮಾಡಿ, ತಾನು ಪಿಯಾನೊದ ಸ್ಟೂಲಿನ ಮೇಲೆ ಪಿಯಾನೊಗೆ ಬೆನ್ನು ಹಾಕಿ ಕೂತು ಹೇಳಿದ.

ಹೆಂಡತಿ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ನೋಡಿಕೊಳ್ಳುವವರಿಲ್ಲ. ಕೆಲಸಕ್ಕೆ ಹೋದ ಮನೆಗೆಲ್ಲ ಕರೆದುಕೊಂಡು ಹೋಗುತ್ತಿದ್ದ. ಇವನು ಶ್ರುತಿ ಮಾಡಿ ಮುಗಿಸಿದ ಮೇಲೆ, ಮನೆಯವರು ಬಂದು ನೋಡುವವರೆಗೆ ಸಿಗುವ ಹತ್ತು ನಿಮಿಷದಲ್ಲಿ ಮಗು ಸ್ಟೂಲು ಹತ್ತಿ ನುಡಿಸುತ್ತಿತ್ತು. ಬೇರೆಯವರ ಪಿಯಾನೊ, ಬೇರೆಯವರ ಮಕ್ಕಳ ಪಾಠದ ಪುಸ್ತಕ. ಯಾರೋ ಪುಣ್ಯಾತ್ಮರು ಎಸೆಯಲು ಇಟ್ಟಿದ್ದ ಈ ಪಿಯಾನೊವನ್ನು ಇವನು ಬೇಡಿ ತಂದ. ಮೆಟ್ಟಿಲ ಮೇಲೆ ಅದನ್ನು ಹತ್ತಿಸಿದ ದಿನದ ಬೈಗುಳವನ್ನು ಅಕ್ಕಪಕ್ಕದವರು ಈಗಲೂ ನೆನೆಯುತ್ತಾರಂತೆ.

ಮಗುವಿಗೆ ಆರು ವರ್ಷವಾದಾಗ ಒಂದು ಮನೆ ಮಾತು ನಿಲ್ಲಿಸಿತು. ಒಳಗೆ ತಂತಿಗೆ ಬಡಿಯುವ ಮರದ ಸುತ್ತಿಗೆಯ ಕಡ್ಡಿ ಮುರಿದಿತ್ತು. ಅದು ಬೇರೆ ಯಾವುದೂ ಅಲ್ಲ, ಪಿಟೀಲಿನವರು ಶ್ರುತಿಗೆ ಕೇಳುವ ಅದೇ ಮನೆ. 'ಅಪ್ಪ, ಇದು ಮಾತಾಡ್ತಿಲ್ಲ' ಎಂದು ಮಗು ಅಳುಮುಖ ಮಾಡಿತು. ಆ ಅಳತೆಯ ಕಡ್ಡಿ ಆಗ ಇವನ ಹತ್ತಿರ ಇರಲಿಲ್ಲ. 'ನೀನು ನುಡಿಸು, ಅದು ಬಂದಾಗ ನಾನು ಹಾಡ್ತೀನಿ' ಎಂದ. ಹಾಡಿದ.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಒಲೆಯ ಮುಂದೆ ಇದ್ದರೂ ಆ ಮನೆ ಬಂದಾಗ 'ಆ' ಎನ್ನುವನು. ಗಡ್ಡ ಹೆರೆಯುತ್ತಿದ್ದರೂ 'ಆ'. ಬಾಯಲ್ಲಿ ಬ್ರಷ್ಷಿದ್ದರೆ ನೊರೆಯ ಸಮೇತ 'ಆ'. ವೇಗದ ಪಾಠಗಳಲ್ಲಿ ಆ ಮನೆ ಒಂದು ಸಾಲಿಗೆ ಹತ್ತು ಸಲ ಬರುತ್ತಿತ್ತು. ಇವನು ಉಸಿರು ಕಟ್ಟಿ 'ಆ ಆ ಆ' ಎನ್ನುತ್ತ ಓಡಬೇಕು, ಮಗು ಬಿದ್ದು ಬಿದ್ದು ನಗಬೇಕು. ಕೆಳಗಿನ ಮನೆಯವರು ಇವನಿಗೆ 'ಒಂದೇ ಸ್ವರದ ವಿದ್ವಾಂಸರು' ಎಂದು ಬಿರುದು ಕೊಟ್ಟಿದ್ದರಂತೆ. ಇದನ್ನು ಹೇಳುವಾಗ ಟಿಂಗಣ್ಣ ನಕ್ಕ. ನಾನು ಅವನ ನಗು ನೋಡಿದ್ದು ಅದೇ ಮೊದಲು.

ಹನ್ನೊಂದು ವರ್ಷ ಹಾಡಿದ. ಹದಿನೇಳಕ್ಕೆ ಮಗಳು ದೊಡ್ಡ ಸಂಗೀತ ಶಾಲೆಯ ಆಯ್ಕೆಗೆ ಹೋದಳು. ಆ ದಿನ ಅಲ್ಲಿನ ಪಿಯಾನೊ ಶ್ರುತಿ ಮಾಡಿದವನೂ ಇವನೇ. ಕೆಲಸ ಮುಗಿಸಿ ಕೊನೆಯ ಸಾಲಿನಲ್ಲಿ ಕೂತ. ಮಗಳು ಚೆನ್ನಾಗಿ ನುಡಿಸುತ್ತಿದ್ದಳು. ನಡುವೆ ಎಲ್ಲ ನಿಂತು ಒಂದೇ ಸ್ವರ ಒಂಟಿಯಾಗಿ ಬರುವ ಜಾಗ ಬಂತು. ಅದೇ ಮನೆ.

"ನಾನು ಹಾಡಿಬಿಟ್ಟೆ ಅಮ್ಮಾ." ಟಿಂಗಣ್ಣ ತೊಡೆ ಮೇಲಿನ ಕೈಗಳನ್ನೇ ನೋಡುತ್ತಿದ್ದ. "ಬೇಕು ಅಂತ ಅಲ್ಲ. ಬಾಯಿ ತಾನಾಗಿ ತೆರೀತು. ಗಟ್ಟಿಯಾಗಿ, ಮನೇಲಿ ಹಾಡೋ ಹಾಗೇ."

ಪರೀಕ್ಷೆ ಮಾಡುವವರು ಹಿಂದಕ್ಕೆ ತಿರುಗಿದರು. ಯಾರೋ ಕಿಸಕ್ಕೆಂದರು, ಇಡೀ ಹಾಲ್ ನಕ್ಕಿತು. ಹುಡುಗಿಯ ಬೆರಳು ನಿಂತುಹೋಯಿತು. ಮತ್ತೆ ಶುರು ಮಾಡಿದಳು, ಮತ್ತೆ ಅದೇ ಜಾಗದಲ್ಲಿ ನಿಂತಳು. ಸೀಟು ಸಿಗಲಿಲ್ಲ.

"ಅಷ್ಟಕ್ಕೆ ಅಪ್ಪನ ಹತ್ತಿರ ಮಾತು ಬಿಟ್ಟಳಾ?" ನನಗೆ ಹುಡುಗಿಯ ಮೇಲೆ ಸಿಟ್ಟು ಬಂತು.

"ಅಷ್ಟಕ್ಕಲ್ಲ." ಅವನು ಎದ್ದು ಬೀರುವಿನಿಂದ ಒಂದು ತಗಡಿನ ಡಬ್ಬಿ ತಂದು ತೆರೆದ. ಒಳಗೆ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಸುತ್ತಿಗೆ. ಉಣ್ಣೆ ಸುತ್ತಿದ ತಲೆ ಹಳೆಯದು, ಕಡ್ಡಿ ಹೊಸದು. ಅಂದು ಮನೆಗೆ ಬಂದ ಹುಡುಗಿ ಪಿಯಾನೊದ ಆ ಮನೆಯನ್ನು ತಾನೇ ಸರಿ ಮಾಡುತ್ತೇನೆಂದು ಬೀರು ತೆಗೆದು ಹುಡುಕಿದಾಗ ಇದು ಸಿಕ್ಕಿತು. ಸರಿ ಮಾಡಿ ಇಟ್ಟದ್ದು. ಹಾಕುವುದೊಂದೇ ಬಾಕಿ.

'ಇದನ್ನ ಯಾವಾಗ ಮಾಡಿದ್ದು?' ಎಂದು ಕೇಳಿದಳಂತೆ. ಇವನಿಗೆ ಸುಳ್ಳು ಬಾರದು. 'ನಿನಗೆ ಎಂಟು ವರ್ಷ ಇದ್ದಾಗ' ಎಂದ.

ಒಂಬತ್ತು ವರ್ಷ! ನನ್ನ ಸಿಟ್ಟು ಅಲ್ಲೇ ದಿಕ್ಕು ಬದಲಿಸಿತು. ಹೇಳಿಯೂ ಬಿಟ್ಟೆ. "ಅಲ್ಲಣ್ಣ, ಹತ್ತು ನಿಮಿಷದ ಕೆಲಸ! ಊರವರ ಪಿಯಾನೊ ಎಲ್ಲ ಸರಿ ಮಾಡ್ತೀರಿ, ಹೆತ್ತ ಮಗಳ ಬೆರಳು ಕೆಡಿಸಿಬಿಟ್ರಲ್ಲ!"

"ಹೌದಮ್ಮಾ. ಕೆಡಿಸಿದೆ." ಅವನು ವಾದ ಮಾಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. "ನನಗೆ ನುಡಿಸಕ್ಕೆ ಬರಲ್ಲ. ನಲವತ್ತು ವರ್ಷದಲ್ಲಿ ಒಂದು ಹಾಡು ನುಡಿಸಿದೋನಲ್ಲ, ಬರೀ ಟಿಂಗ್ ಟಿಂಗ್. ಅವಳು ಕಲಿತಾ ಕಲಿತಾ ನನಗೆ ಅರ್ಥ ಆಗದ ಕಡೆಗೆ ಹೋಗ್ಬಿಟ್ಳು. ಅವಳ ಸಂಗೀತದಲ್ಲಿ ನನಗೆ ಅಂತ ಇದ್ದಿದ್ದು ಅದೊಂದೇ ಮನೆ. ನಾಳೆ ಹಾಕೋಣ, ನಾಳೆ ಹಾಕೋಣ ಅಂದ್ಕೊಂಡೇ ಇದ್ದೆ."

'ನಾನು ನುಡಿಸೋ ಕಡೆ ಇನ್ಮೇಲೆ ನೀನು ಇರಬಾರದು' ಎಂದು ಹೇಳಿ ಹುಡುಗಿ ಹಾಸ್ಟೆಲಿಗೆ ಹೋದಳು. ಮರುವರ್ಷ ಈಗಿನ ಕಾಲೇಜು ಸೇರಿದಳು. ನಾಲ್ಕು ವರ್ಷದಿಂದ ಮಾತಿಲ್ಲ. ಇವನು ಅವಳ ಮಾತನ್ನು ಅಕ್ಷರಶಃ ಪಾಲಿಸುತ್ತಾನೆ. ಅವಳು ನುಡಿಸುವ ಕಡೆ ಇರುವುದಿಲ್ಲ, ಬಾಗಿಲ ಆಚೆ ಇರುತ್ತಾನೆ.

"ಈಗಲಾದ್ರೂ ಆ ಸುತ್ತಿಗೆ ಹಾಕಬಾರದಾ?"

"ಯಾರಿಗೆ ಅಮ್ಮಾ? ಮುಟ್ಟೋರೇ ಇಲ್ಲ."

ಮೆಟ್ಟಿಲಿಳಿಯುವಾಗ ಆ ಕಾಲಮ್ಮಿಗೆ ಏನು ಬರೆಯಲಿ ಎಂದು ಕೇಳಿದೆ. ಬಹಳ ಯೋಚಿಸಿ, "ಮನೇಲಿ ಒಂದು ಪಿಯಾನೊ ಇತ್ತು ಅಂತ ಬರೀರಿ, ಸಾಕು. ನನ್ನ ಸುದ್ದಿ ಬೇಡ" ಎಂದ.

ಅವತ್ತು ಸಂಜೆ ನನ್ನ ಮನೆಗೆ ಹೋಗಿ ಬೀಗ ತೆಗೆದು, ಎಂದಿನಂತೆ ಮೊದಲು ರೇಡಿಯೋ ಹಾಕಿದೆ. ನನ್ನ ಮನೆಯಲ್ಲಿ ಮಾತಾಡುವುದು ಅದೊಂದೇ. ಒಂಟಿ ಹೆಂಗಸಿಗೆ ಇಂಥ ಸಂಗತಿಯನ್ನು ತಲೆಯಿಂದ ತೆಗೆಯುವುದು ಸುಲಭವಲ್ಲ. ಕರಡು ತೆಗೆದು ಆರನೆಯ ಕಾಲಮ್ಮಿಗೆ ನಾನೇ ಬರೆದೆ: 'ಮನೆಯಲ್ಲಿ ಒಂದು ಪಿಯಾನೊ ಇತ್ತು. ಅದರ ಒಂದು ಮನೆ ಮಾತಾಡುತ್ತಿರಲಿಲ್ಲ. ಆ ಸ್ವರವನ್ನು ಹನ್ನೊಂದು ವರ್ಷ ತಂದೆ ಹಾಡಿದರು.' ಯಾರ ಅಪ್ಪಣೆಯೂ ಇಲ್ಲ. ಶುಕ್ರವಾರ ಅಚ್ಚಿಗೆ ಕಳಿಸಿಬಿಟ್ಟೆ. ಅಧಿಕಪ್ರಸಂಗ ಎನ್ನಿ, ಒಪ್ಪಿಕೊಳ್ಳುತ್ತೇನೆ.

ಭಾನುವಾರ ಮೂರಕ್ಕೆ ಟಿಂಗಣ್ಣ ಗೇಟಿನ ಪುಸ್ತಕದಲ್ಲಿ ಸಹಿ ಹಾಕಿದ. ಮೂರೂವರೆಗೆ ಕಲಾವಿದರ ಕೋಣೆಯಿಂದ ನನಗೆ ಕರೆ ಬಂತು. ಹುಡುಗಿ ಪುಸ್ತಕ ಹಿಡಿದು ನಿಂತಿದ್ದಳು.

"ಯಾರು ಹೇಳಿದ್ರು ನಿಮಗೆ? ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

"ಯಾರನ್ನೂ ಕೇಳಿಲ್ಲ. ಸುಳ್ಳಿದ್ರೆ ಹೇಳು, ಎಲ್ಲ ಪುಸ್ತಕದಲ್ಲೂ ಕೂತು ಹೊಡೆದು ಹಾಕ್ತೀನಿ."

"ಸುಳ್ಳಲ್ಲ. ಅರ್ಧ." ಅವಳ ಕಣ್ಣಲ್ಲಿ ನೀರು ನಿಂತಿತ್ತು. "ಅಪ್ಪ ಹಾಡಿದ್ದು ಮಾತ್ರ ಬರೆದಿದ್ದೀರಿ. ನನಗೆ ಯಾವ ಪಿಯಾನೊ ಮುಂದೆ ಕೂತ್ರೂ ಆ ಮನೆ ಬಂದ್ರೆ ಹೆದರಿಕೆ ಆಂಟಿ. ಸ್ವರ ಬರುತ್ತೋ ಇಲ್ವೋ ಅಂತ. ಬೆರಳು ತಾನಾಗೇ ನಿಲ್ಲುತ್ತೆ. ಎಲ್ಲರ ಬೆರಳೂ ಅವರವರದ್ದು, ನನ್ನದೊಂದು ಬೆರಳು ಅಪ್ಪ ಇಟ್ಕೊಂಡಿದ್ದಾನೆ."

ನಿಜ ಹೇಳಬೇಕೆಂದರೆ, ಅವಳು ಹೇಳಿದ್ದು ಸರಿ ಅನ್ನಿಸಿತು. ಪಿಟೀಲು ಹುಡುಗ ಮೂಲೆಯಲ್ಲಿ ಬಿಲ್ಲಿಗೆ ರಾಳ ಉಜ್ಜುತ್ತ ಇದ್ದವನು ತಲೆ ಎತ್ತದೆ ಮಾತಾಡಿದ.

"ಅದಕ್ಕಾ ನೀನು ಕಾಯೋದು? ನನಗೆ ಇಷ್ಟು ದಿನ ಹೇಳ್ಲೇ ಇಲ್ಲವಲ್ಲ." ರಾಳ ಪಕ್ಕಕ್ಕಿಟ್ಟು ಅಂದ, "ನಮ್ಮಮ್ಮ ಒಂದು ಸಲ ಹ್ಞೂಂ ಅಂದಿದ್ದಕ್ಕೆ ನಾನು ಟೇಪು ಹರಿದೆ. ನಿಮ್ಮಪ್ಪ ಹನ್ನೊಂದು ವರ್ಷ ಹಾಡಿದ್ದು ನಿನಗೆ ಜಾಸ್ತಿ ಆಯ್ತು."

ಹುಡುಗಿ ಅವನತ್ತ ತಿರುಗಿದಳು. ನಾನು ತಡೆಯಲಾರದೆ ಉಳಿದದ್ದನ್ನೂ ಉಗುಳಿಬಿಟ್ಟೆ. "ಅವರು ಹೊರಟುಹೋಗ್ತಾರೆ ಅಂತ ತಿಳ್ಕೊಂಡಿದ್ದೀಯಾ? ನೀನು ಇಲ್ಲಿ ನುಡಿಸಿದಾಗೆಲ್ಲ ಹಿಂದಿನ ಓಣೀಲಿ ಪೆಟ್ಟಿಗೆ ಮೇಲೆ ಕೂತಿರ್ತಾರೆ. ಈಗಲೂ ಇದ್ದಾರೆ. ಓಡಿಸೋದಾದ್ರೆ ನೀನೇ ಹೋಗಿ ಓಡಿಸು, ನನ್ನ ಕೈಲಾಗಲ್ಲ."

ಅವಳು ನಲ್ಲಿ ತಿರುಗಿಸಿ, ಬಹಳ ಹೊತ್ತು ಕೈ ತೊಳೆದಳು.

ನಾಲ್ಕಕ್ಕೆ ಕಚೇರಿ ಶುರುವಾಯಿತು. ಹುಡುಗ ಶ್ರುತಿ ಕೇಳಿದ, ಅವಳು ತಡೆದು ಒತ್ತಿದಳು. ಆ ದಿನದ ನುಡಿಸಾಣಿಕೆಯನ್ನು ವಿವರಿಸಲು ನನಗೆ ಬಾರದು. ಒಂದು ಮಾತ್ರ ಬಲ್ಲೆ: ಆ ಮನೆ ಬಂದು ಅವಳ ಬೆರಳು ತಡೆದಾಗಲೆಲ್ಲ ಹುಡುಗ ಓಡಲಿಲ್ಲ. ಬಿಲ್ಲನ್ನು ತಂತಿಯ ಮೇಲೇ ಹಿಡಿದು, ಅವಳನ್ನು ನೋಡುತ್ತ ಕಾದ. ಹತ್ತು ವರ್ಷ ಟೇಪಿನ ಹಿಂದೆ ಓಡಿದ ಹುಡುಗ.

ಕೊನೆಯ ಚಪ್ಪಾಳೆ ನಿಲ್ಲಲಿಲ್ಲ. ಇನ್ನೊಂದು, ಇನ್ನೊಂದು ಎಂದು ಜನ ಕೂಗಿದರು. ಹುಡುಗಿ ಎದ್ದು ವೇದಿಕೆಯ ಪಕ್ಕದಲ್ಲಿದ್ದ ನನ್ನ ಹತ್ತಿರ ಬಂದಳು. "ಆ ಹಿಂದಿನ ಬಾಗಿಲು ಸ್ವಲ್ಪ ತೆಗೆದಿರಲಿ ಆಂಟಿ. ಸೆಕೆ" ಎಂದಳು. ಅಂದು ಸೆಕೆಯೇನೂ ಇರಲಿಲ್ಲ. ನಾನು ಹೋಗಿ ಚಿಲಕ ತೆಗೆದು, ಬಾಗಿಲನ್ನು ಒಂದು ಗೇಣು ಸರಿಸಿ, ಆಚೆ ನೋಡದೆ ಸಭಾಂಗಣದೊಳಕ್ಕೆ ಬಂದು ನಿಂತೆ.

ಅವಳು ಒಬ್ಬಳೇ ನುಡಿಸಿದಳು. ಮಕ್ಕಳ ಪಾಠದ ಪುಸ್ತಕದ ಮೊದಲನೆಯ ಪಾಠ, ನಾಲ್ಕೇ ಸಾಲು. ಜನ ಮುಗುಳ್ನಕ್ಕರು. ಮೊದಲ ಸಾಲಿನ ತುದಿಗೆ ಬಂದು ಅವಳ ಕೈ ಮೇಲೆದ್ದು ಗಾಳಿಯಲ್ಲಿ ನಿಂತಿತು. ಒತ್ತಲೇ ಇಲ್ಲ. ಆ ಮನೆಯ ಸ್ವರ ಇರಬೇಕಾದ ಜಾಗ ಖಾಲಿ. ಹುಡುಗ ಅವಳಿಗೆ ಮರೆತುಹೋಯಿತೆಂದು ಪಿಟೀಲು ಎತ್ತಿದ, ಅವಳು ಬೇಡವೆಂದು ತಲೆಯಾಡಿಸಿದಳು. ಎರಡನೆಯ ಸಾಲು, ಮತ್ತೆ ಖಾಲಿ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯದು ಖಾಲಿ. ನಾಲ್ಕನೆಯದಕ್ಕೆ ಅವಳು ಬಹಳ ಹೊತ್ತು ಕಾದಳು. ನಾನು ಬಾಗಿಲ ಕಡೆಗೆ ಕಿವಿ ಕೊಟ್ಟೆ. ನನಗೇನೂ ಕೇಳಲಿಲ್ಲ.

ಪರದೆ ಬಿದ್ದ ಕೂಡಲೆ ಮ್ಯಾನೇಜರ್ ಕೆಂಡಾಮಂಡಲವಾಗಿ ಬಂದ. "ಒಂದು ಕೀ ಸತ್ತುಹೋಗಿದೆ! ಮುಂದಿನ ಸಾಲಿನವರೆಲ್ಲ ನನ್ನ ಮುಖ ನೋಡ್ತಾರೆ! ಎಲ್ಲಿ ಆ ಮನುಷ್ಯ?" ಎಂದು ಕೂಗುತ್ತ, ಫೋನ್ ಮಾಡಲು ಹಿಂದಿನ ಬಾಗಿಲಿನಿಂದ ಓಣಿಗೆ ನುಗ್ಗಿದವನು ಪೆಟ್ಟಿಗೆಯ ಮೇಲಿದ್ದ ಟಿಂಗಣ್ಣನಿಗೇ ಎಡವಿದ. ನಾನು ಹಿಂದೆಯೇ ಓಡಿದೆ.

"ಏನ್ರೀ ಇದು! ಬೆಳಗಿಂದ ಏನು ಕಡಿದು ಕಟ್ಟೆ ಹಾಕಿದ್ರಿ? ಒಂದು ಮನೆ ಮಾತಾಡಲ್ಲ!"

ನಲವತ್ತು ವರ್ಷ ಕೆಲಸದಲ್ಲಿ ಒಂದು ತಪ್ಪು 'ಹೂಂ' ಎಂದು ಒಪ್ಪಿಕೊಂಡ ಮನುಷ್ಯನಲ್ಲ ಅವನು. ಹಿಂದೊಮ್ಮೆ ಯಾರೋ ದೊಡ್ಡ ಕಲಾವಿದರು ತಕರಾರು ತೆಗೆದದ್ದಕ್ಕೆ ಚೀಲ ಎತ್ತಿಕೊಂಡು ನಡೆದುಬಿಟ್ಟಿದ್ದ. ಅಂದು ಎದ್ದು ನಿಂತು, ಕೈಕಟ್ಟಿಕೊಂಡು, ಒದ್ದೆ ಮುಖದಲ್ಲಿ ಹೇಳಿದ. "ಹೌದು ಸಾರ್. ಆ ಮನೆ ಮಾತು ಬಿಟ್ಟು ನಾಲ್ಕು ವರ್ಷ ಆಯ್ತು. ತಪ್ಪು ನಂದೇ."

"ನಾಲ್ಕು ವರ್ಷಾನಾ!" ಮ್ಯಾನೇಜರ್ ತಿರುಗಿ ವೇದಿಕೆಗೆ ಓಡಿ ಆ ಮನೆಯನ್ನು ಕುಟ್ಟಿದ. ಠಣ್ ಎಂದಿತು. ಮತ್ತೆ ಕುಟ್ಟಿದ. ಮತ್ತೂ ಠಣ್. "ಮಾತಾಡುತ್ತಲ್ರೀ!" ಎಂದು ಅಲ್ಲಿಂದಲೇ ಕಿರುಚಿದ. ಪಾಪ, ಅವನಿಗೆ ಯಾರೂ ಉತ್ತರ ಕೊಡಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಹುಡುಗಿ ಓಣಿಯ ಬಾಗಿಲಿಗೆ ಬಂದು ನಿಂತಿದ್ದಳು. ಟಿಂಗಣ್ಣ ಚೀಲ ಎತ್ತಿಕೊಂಡು ಗೋಡೆಗೆ ಒತ್ತಿಕೊಂಡ. "ಹೊರಟೆ, ಹೊರಟೆ. ಬಸ್ಸು ತಡ ಆಯ್ತು" ಎಂದ. ಎದುರಿಗಿರುವುದು ತನ್ನ ಮಗಳು ಎನ್ನುವುದನ್ನೇ ಮರೆತವನಂತೆ.

"ನಾಲ್ಕನೇದು ಸ್ವಲ್ಪ ಇಳಿದಿತ್ತಪ್ಪ" ಎಂದಳು ಹುಡುಗಿ.

ಅವನು ಚೀಲ ಕೆಳಗಿಟ್ಟ. "ಗಂಟಲು ಕಟ್ಟಿತ್ತು ಕಣೇ" ಎಂದ.

ಅಯ್ಯೋ ದೇವರೇ, ಹಾಡಿದ್ದಾನೆ! ನಾಲ್ಕೂ ಸಲ ಹಾಡಿದ್ದಾನೆ, ಇವಳು ನಾಲ್ಕೂ ಕೇಳಿಸಿಕೊಂಡಿದ್ದಾಳೆ. ನಾನು ಗೋಡೆಯ ಕಡೆ ತಿರುಗಿ ಹಳೆಯ ಪುಸ್ತಕದ ಕಟ್ಟನ್ನು ಸರಿಪಡಿಸುವ ನಾಟಕ ಮಾಡಿದೆ.

"ಆ ಸುತ್ತಿಗೆ ಇನ್ನೂ ಡಬ್ಬೀಲಿದೆಯಾ?"

"ಇದೆ."

"ಈಗಲೇ ಮನೆಗೆ ಹೋಗೋಣ. ನನ್ನ ಕಣ್ಣ ಮುಂದೆ ಹಾಕು ಅದನ್ನ."

ಅವನಿಗೆ ಆ ಒಂದು ಮನೆ ಏನೆಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, "ಹಾಕ್ತೀನಿ" ಎಂದ. ಆಮೇಲೆ ಚಿಕ್ಕ ಮಗುವಿನ ಹಾಗೆ ಕೇಳಿದ.

"ಅದು ಮಾತಾಡಕ್ಕೆ ಶುರು ಮಾಡಿದ್ರೆ, ನಾನೇನು ಮಾಡ್ಲಿ?"

ಹುಡುಗಿ ಬಗ್ಗಿ ಅವನ ಚೀಲ ಎತ್ತಿಕೊಂಡಳು.

"ಕೂತ್ಕೊಂಡು ಕೇಳು" ಎಂದಳು.